ಕಲಾಯಿ ಹೋದ ಕೊಳದಪ್ಪಲೆ

ಕೋಲಾರದ ನಮ್ಮ ಮನೆಗೆ ಬಂದವರು ಮೊದಲು ನೋಡುವುದು ನನ್ನನ್ನಲ್ಲ, ನನ್ನ ಕೊಳದಪ್ಪಲೆಯನ್ನು. ಅನ್ನ ಬೇಯಿಸುವ ಹಿತ್ತಾಳೆ ಪಾತ್ರೆ ಅದು. ಎರಡು ಸೇರು ಅಕ್ಕಿ ಹಿಡಿಸುತ್ತದೆ, ಬರಿದಾಗಿದ್ದರೂ ಒಂದು ಕೈಯಲ್ಲಿ ಎತ್ತಲಾಗುವುದಿಲ್ಲ. ಬಂದ ಹೆಂಗಸರು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, "ಎಂಥಾ ಗಟ್ಟಿ ಪಾತ್ರೆ ರೀ! ಈಗ ಇಂಥದು ಎಲ್ಲಿ ಸಿಗುತ್ತೆ?" ಅನ್ನುತ್ತಾರೆ. "ತಾತನ ಕಾಲದ್ದು" ಅನ್ನುತ್ತೇನೆ. ಮಿಕ್ಕಿದ್ದನ್ನು ಅವರು ಕೇಳುವುದಿಲ್ಲ. ಕೇಳದೆ ಹೇಳುವಷ್ಟು ಒಳ್ಳೆಯವಳು ನಾನಲ್ಲ.

ಹೋದ ವಾರ ಶ್ರೀನಿವಾಸಪುರಕ್ಕೆ ಹೋಗಿ ಬಂದ ಮೇಲೆ ಆ ಪಾತ್ರೆಯಲ್ಲಿ ಬೇಯಿಸಿದ ಅನ್ನ ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ನನ್ನ ತೌರು ಮುಳಬಾಗಿಲು. ತಾತ ಶಾನುಭೋಗರಾಗಿದ್ದವರು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವು ನಾಲ್ಕು ಜನ: ನನ್ನ ಅಮ್ಮ ಗುಂಡಮ್ಮ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಣ್ಣ ವೆಂಕಟರಮಣ, ಅವನ ಹೆಂಡತಿ ಅಂಬಾಬಾಯಿ, ಮತ್ತೆ ನಾನು, ತುಂಗಾ. ನಾನು ಹೇಳುತ್ತಿರುವುದು ಸಾವಿರದ ಒಂಬೈನೂರ ನಲವತ್ತಮೂರರ ಮಾತು. ಆಗ ನನಗೆ ಹದಿನೈದು.

ಅಮ್ಮ ಬಲು ಮಡಿ. ಮಡಿಯ ಜೊತೆಗೆ ಬಲು ಹಟ. ಮನೆಯ ಪಾತ್ರೆಗಳನ್ನು ಅವಳು ನೋಡಿಕೊಂಡಷ್ಟು ಚೆನ್ನಾಗಿ ಮನೆಯ ಮನುಷ್ಯರನ್ನು ನೋಡಿಕೊಳ್ಳಲಿಲ್ಲ. ಅದರಲ್ಲೂ ಈ ಕೊಳದಪ್ಪಲೆ ಅಂದರೆ ಅವಳಿಗೆ ಪ್ರಾಣ. ಅವಳ ಅತ್ತೆ ಸಾಯುವ ಮುಂಚೆ ತನ್ನ ಕೈಯಾರೆ ಕೊಟ್ಟದ್ದಂತೆ. ನಮ್ಮ ಮನೆಯಲ್ಲಿ ಯಾರ ತಿಥಿಯಾದರೂ ಗೊಜ್ಜು ಆಗಬೇಕಾದದ್ದು ಅದರಲ್ಲೇ. ತಿಥಿಯ ಅಡುಗೆಗೆ ನಮ್ಮಲ್ಲಿ ಹುಣಸೆಹಣ್ಣು, ಮೆಣಸಿನಕಾಯಿ ನಿಷಿದ್ಧ. ಮೆಣಸು, ಮಾವಿನಕಾಯಿ ಹಾಕಿ ಗೊಜ್ಜು ಮಾಡುತ್ತಾರೆ. ಅಪ್ಪನ ತಿಥಿ ಬರುತ್ತಿದ್ದುದು ವೈಶಾಖದಲ್ಲಿ, ಮಾವಿನಕಾಯಿಗೆ ಬರವಿಲ್ಲದ ಕಾಲ. ಅದರ ಮೇಲೆ ಅತ್ತಿಗೆಯ ತೌರು ಶ್ರೀನಿವಾಸಪುರ, ಅವರದೇ ಒಂದು ಸಣ್ಣ ತೋಪು ಇತ್ತು. ಪ್ರತಿವರ್ಷ ಒಂದು ಮೂಟೆ ಹುಳಿಕಾಯಿ ಬಸ್ಸಿನಲ್ಲಿ ಬರುತ್ತಿತ್ತು.

ಅತ್ತಿಗೆ ಆ ಮೂಟೆ ಬಿಚ್ಚಿದೊಡನೆ ಒಂದು ಕಾಯಿ ಹೆಚ್ಚಿ, ಉಪ್ಪು ಸವರಿ, ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಹಿತ್ತಲಿಗೆ ಬಂದು ನನಗೆ ಕೊಡುತ್ತಿದ್ದಳು. ಬೆಳೆದ ಹುಡುಗಿ ಹುಳಿ ತಿಂದರೆ ಅಮ್ಮನಿಗೆ ಆಗುತ್ತಿರಲಿಲ್ಲ. ನನಗೆ ತಲೆ ಬಾಚುತ್ತಿದ್ದವಳು, ನನ್ನ ಹರಿದ ಲಂಗಕ್ಕೆ ತೇಪೆ ಹಾಕುತ್ತಿದ್ದವಳು, ನನಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತು ಬೀಸುತ್ತಿದ್ದವಳು ಅವಳು. ನನಗಿಂತ ಐದೇ ವರ್ಷ ದೊಡ್ಡವಳು. ಮದುವೆಯಾಗಿ ಆರು ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಅಣ್ಣನಿಗೆ ಇನ್ನೊಂದು ಹೆಣ್ಣು ತರುವ ಮಾತು ಮನೆಯಲ್ಲಿ ಆಗಲೇ ಓಡಾಡುತ್ತಿತ್ತು. ಅಮ್ಮ ಅದನ್ನು ಅತ್ತಿಗೆಗೆ ಕೇಳಿಸುವ ಹಾಗೆಯೇ ಆಡುತ್ತಿದ್ದಳು. ನೆಪ ಒಂದು ಬೇಕಾಗಿತ್ತು, ಅಷ್ಟೇ.

ಹಿತ್ತಾಳೆ ಪಾತ್ರೆಯ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದರ ಒಳಗೆ ತವರದ ಲೇಪ ಇರಬೇಕು. ಅದೇ ಕಲಾಯಿ. ಕಲಾಯಿ ಸವೆದುಹೋದರೆ ಹುಳಿ ನೇರ ಹಿತ್ತಾಳೆಗೆ ತಾಕಿ ಕಿಲುಬು ಬಿಡುತ್ತದೆ. ಆ ಕಿಲುಬು ಹೊಟ್ಟೆಗೆ ಹೋದರೆ ಕರುಳು ಕಿತ್ತುಬರುವ ಹಾಗೆ ವಾಂತಿ. ಅದಕ್ಕೇ ಆರು ತಿಂಗಳಿಗೊಮ್ಮೆ ಕಲಾಯಿ ಹಾಕುವ ಪ್ಯಾರೆ ಸಾಬರು ನಮ್ಮ ಬೀದಿಗೆ ಬಂದು ಹೊಂಗೆಮರದ ಕೆಳಗೆ ಗುಂಡಿ ತೋಡಿ, ಬೆಂಕಿಗೆ ಗಾಳಿ ಊದುವ ತಿದಿ ಹೂಡಿ ಕೂರುತ್ತಿದ್ದರು. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಹಾಕಿ, ತವರ ತಾಕಿಸಿ ಅರಳೆಯಲ್ಲಿ ಒಮ್ಮೆ ಉಜ್ಜಿದರೆ ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅದನ್ನು ನೋಡಲು ನಾನು ಊಟ ಬಿಟ್ಟು ನಿಲ್ಲುತ್ತಿದ್ದೆ.

ತಿಥಿಗೆ ಎಂಟು ದಿನ ಇರುವಾಗ ಅವರು ಬಂದರು. ತಿದಿ ಹೂಡಲಿಲ್ಲ, ಸುಮ್ಮನೆ ಮರದ ಕೆಳಗೆ ಕೂತಿದ್ದರು. ನಾನು ಕೊಳದಪ್ಪಲೆಯನ್ನು ಸೊಂಟದ ಮೇಲಿಟ್ಟುಕೊಂಡು ಹೋದೆ.

"ಕಲಾಯಿ ಇಲ್ಲಮ್ಮ ಪಾಪಾ," ಅಂದರು. "ತವರ ಬರೋ ದೇಶ ಎಲ್ಲಾ ಜಪಾನ್‌ನೋರು ಹಿಡ್ಕೊಂಡವ್ರೆ. ಕೆಲವ್ರು ಸೀಸ ಬೆರೆಸಿ ಬಳಿತಾವ್ರೆ. ನಾನು ಆ ಕೆಲ್ಸ ಮಾಡಲ್ಲ. ತಿನ್ನೋರ ಹೊಟ್ಟೆ ಅಲ್ವಾ?"

ಆಮೇಲೆ ಪಾತ್ರೆಯೊಳಗೆ ಕೈಹಾಕಿ ತಳ ಸವರಿದರು. "ಇಲ್ನೋಡು, ಹಳದಿ ಕಾಣ್ತಾ ಐತೆ. ಪೂರಾ ಹೋಗೈತೆ. ಅನ್ನ ಮಾಡ್ಲಿ, ಬೇಳೆ ಬೇಯಿಸ್ಲಿ. ಹುಳಿ ಮಾತ್ರ ಬ್ಯಾಡ. ಅಮ್ಮೋರ್ಗೆ ಮರೀದೆ ಹೇಳಮ್ಮ."

ನಾನು ಮರೆಯಲಿಲ್ಲ. ಮನೆಗೆ ಬಂದು ನೇರ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಅಮ್ಮ ಮೊರದಲ್ಲಿ ಮೆಣಸು ಹಸನು ಮಾಡುತ್ತಿದ್ದಳು. ಅತ್ತಿಗೆ ಒಲೆಯ ಮುಂದಿದ್ದಳು. ಇಬ್ಬರೂ ಕೇಳಿಸಿಕೊಂಡರು. ಇದನ್ನು ನೆನಪಿಟ್ಟುಕೊಳ್ಳಿ.

"ಕಲಾಯಿಯವನ ಹತ್ರ ನಾನು ಅಡಿಗೆ ಕಲೀಬೇಕಾ?" ಅಂದಳು ಅಮ್ಮ.

"ಅತ್ತೆ, ಈ ಸಲ ಗೊಜ್ಜು ಕಲ್ಲಿನ ಮರಿಗೇಲಿ ಮಾಡೋಣ್ವಾ?" ಅಂದಳು ಅತ್ತಿಗೆ. ಬಳಪದ ಕಲ್ಲಿನಲ್ಲಿ ಕಡೆದ ಮರಿಗೆ ನಮ್ಮ ಮನೆಯಲ್ಲೂ ಒಂದಿತ್ತು. ಅದಕ್ಕೆ ಯಾವ ಹುಳಿಯೂ ಏನೂ ಮಾಡುವುದಿಲ್ಲ.

"ಯಜಮಾನರ ತಿಥಿಗೆ ಕಲ್ಲುಪಾತ್ರೆಯೇನೇ? ನಮ್ಮತ್ತೆ ಇದರಲ್ಲೇ ಮಾಡಿದಾರೆ, ಮೂವತ್ತು ವರ್ಷ ನಾನು ಇದರಲ್ಲೇ ಮಾಡಿದೀನಿ."

"ಆಗೆಲ್ಲಾ ಕಲಾಯಿ ಇತ್ತಲ್ಲ ಅತ್ತೆ."

ಅಮ್ಮ ಮೊರ ಕೆಳಗಿಟ್ಟಳು. "ಆರು ವರ್ಷದಿಂದ ಈ ಮನೆ ಅನ್ನ ತಿಂದು ನೀನು ಕಲ್ತಿದ್ದು ಎದುರು ಮಾತೊಂದೇ," ಅಂದಳು. ಅತ್ತಿಗೆ ಒಲೆಯ ಕಡೆ ತಿರುಗಿದಳು. ನಾನು ಹೊರಗೆ ಹೋದೆ.

ಆ ವರ್ಷದ ತಿಥಿಯಲ್ಲಿ ಪಿತೃಗಳ ಸ್ಥಾನದಲ್ಲಿ ಕೂತು ಉಣ್ಣಲು, ಅಂದರೆ ಬ್ರಾಹ್ಮಣಾರ್ಥಕ್ಕೆ, ಬರಬೇಕಾಗಿದ್ದವರು ಇಬ್ಬರು. ಒಬ್ಬರು ನಮ್ಮ ಬೀದಿಯ ವಿಠಲಾಚಾರ್ಯರು, ಎಪ್ಪತ್ತು ದಾಟಿದವರು. ಇನ್ನೊಬ್ಬರು ಆವಣಿಯ ಸೇತುಮಾಧವಾಚಾರ್ಯರು. ಅವರ ಎರಡನೇ ಮಗ ಕೋಲಾರದಲ್ಲಿ ಮೇಷ್ಟರು. ಅವನಿಗೆ ನನ್ನನ್ನು ಕೊಡುವ ಮಾತು ಹೆಚ್ಚುಕಡಿಮೆ ಮುಗಿದಿತ್ತು, ತಾಂಬೂಲ ಒಂದು ಬಾಕಿ. ಅಮ್ಮನಿಗೆ ಆ ದಿನ ಗಂಡನ ತಿಥಿಗಿಂತ ಬೀಗರ ಊಟದ ಚಿಂತೆಯೇ ಹೆಚ್ಚಾಗಿತ್ತು ಅಂದರೆ ಸುಳ್ಳಲ್ಲ.

ಬೆಳಗ್ಗೆ ಅತ್ತಿಗೆ ಒದ್ದೆಸೀರೆ ಉಟ್ಟು ಅಡುಗೆಗೆ ನಿಂತಳು. ಮಾವಿನಕಾಯಿ ಹೆಚ್ಚಿ, ಯಾರಿಗೂ ಹೇಳದೆ ಮರಿಗೆಗೆ ಹಾಕಿ ಒಲೆಯ ಮೇಲಿಟ್ಟಳು. ಅಮ್ಮ ಬಂದು ನೋಡಿದಳು. ಮರಿಗೆ ಇಳಿಸಿ, ಅದರಲ್ಲಿದ್ದದ್ದನ್ನೆಲ್ಲ ತನ್ನ ಕೈಯಾರೆ ಕೊಳದಪ್ಪಲೆಗೆ ಸುರಿದಳು. ಬಾಗಿಲಾಚೆ ನಿಂತು ನಾನು ನೋಡಿದೆ. ಆಗ ಎಂಟು ಗಂಟೆ. ಸೇತುಮಾಧವಾಚಾರ್ಯರ ಗಾಡಿಯ ಕೀಲು ದಾರಿಯಲ್ಲಿ ಮುರಿದು, ಅವರು ಬಂದು ಸ್ನಾನ ಮಾಡಿ ಮಂತ್ರ ಮುಗಿದು ಎಲೆ ಹಾಕುವ ಹೊತ್ತಿಗೆ ಮೂರಾಗಿತ್ತು. ಅಷ್ಟೂ ಹೊತ್ತು ಗೊಜ್ಜು ಹಿತ್ತಾಳೆಯಲ್ಲೇ ಇತ್ತು.

"ಅತ್ತೆ, ಬಣ್ಣ ತಿರುಗಿದೆ," ಅಂದಳು ಅತ್ತಿಗೆ, ಸೌಟು ಹಾಕಿದವಳು ಹಾಗೇ ನಿಂತು. "ಅಂಚಿಗೆ ಹಸಿರು ಕಟ್ಟಿದೆ. ಇದನ್ನ ಬಡಿಸೋದು ಬೇಡ."

"ಮಾವಿನಕಾಯಿ ಹಸಿರಾಗಿರದೆ ಕೆಂಪಗಿರುತ್ತಾ? ಬಡಿಸು ಮೊದ್ಲು. ಅಲ್ಲಿ ಬ್ರಾಹ್ಮಣರು ಹಸ್ಕೊಂಡು ಕೂತಿದಾರೆ."

ಅತ್ತಿಗೆ ಅಲ್ಲಾಡಲಿಲ್ಲ. ಅಮ್ಮ ತಾನೇ ಗೊಜ್ಜನ್ನು ಬೋಗುಣಿಗೆ ತೋಡಿ ಅಣ್ಣನ ಕೈಗೆ ಕೊಟ್ಟಳು. ಅವನು ಬಡಿಸಿದ. ಹೆಂಡತಿ ಯಾಕೆ ತಡೆಯುತ್ತಿದ್ದಾಳೆ ಅಂತ ಕೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಊಟ ಮುಗಿದು ಅರ್ಧ ಗಂಟೆ ಆಗಿರಲಿಲ್ಲ, ಮನೆಯವರಿಗೆ ಇನ್ನೂ ಎಲೆ ಹಾಕಿರಲಿಲ್ಲ. ಮೊದಲು ವಿಠಲಾಚಾರ್ಯರು ಜಗಲಿಯ ಕಂಬ ಹಿಡಿದು ಕುಸಿದರು. ಆಮೇಲೆ ಸೇತುಮಾಧವಾಚಾರ್ಯರು. ತಿಥಿಯಲ್ಲಿ ಉಂಡ ಬ್ರಾಹ್ಮಣ ಅದೇ ಮನೆಯ ಅಂಗಳದಲ್ಲಿ ವಾಂತಿ ಮಾಡಿದರೆ ಪಿತೃಗಳು ಅನ್ನ ಒಲ್ಲೆ ಅಂದ ಹಾಗೆ. ಅದಕ್ಕಿಂತ ದೊಡ್ಡ ಅವಮಾನ ನಮ್ಮವರಲ್ಲಿ ಇಲ್ಲ. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಡಾಕ್ಟರು ಬಂದು ಕೊಳದಪ್ಪಲೆಯ ಒಳಗೆ ಬೆರಳಾಡಿಸಿ, "ಇದರಲ್ಲಿ ಹುಳಿ ಇಟ್ಟವರು ಯಾರ್ರೀ?" ಅಂತ ಗದರಿದರು. ವಿಠಲಾಚಾರ್ಯರು ಎಂಟು ದಿನ ಮಲಗಿ ಎದ್ದರು. ಸೇತುಮಾಧವಾಚಾರ್ಯರು ಮೂರು ದಿನ ನಮ್ಮ ಮನೆಯಲ್ಲೇ ಗಂಜಿ ಕುಡಿದರು.

ನಾಲ್ಕನೇ ದಿನ ಅವರು ನಡುಮನೆಯಲ್ಲಿ ಕಂಬಕ್ಕೊರಗಿ ಕೂತು ಪಂಚಾಯಿತಿ ಶುರುಮಾಡಿದರು. ಪಕ್ಕದಲ್ಲಿ ಅಣ್ಣ. ಬೀದಿಯ ಹಿರಿಯರು ಇಬ್ಬರು. ಅಡುಗೆಮನೆಯ ಬಾಗಿಲ ಹಿಂದೆ ಅಮ್ಮ. ಅತ್ತಿಗೆ ಗೋಡೆಗೆ ಒತ್ತಿಕೊಂಡು ನಿಂತಿದ್ದಳು.

"ಕಲಾಯಿಯವನು ಮೊದಲೇ ಎಚ್ಚರಿಕೆ ಹೇಳಿದ್ದನಂತೆ. ಸಂತೇಲಿ ಎಲ್ಲರ ಹತ್ರ ಅಂತಿದಾನೆ," ಅಂದರು ಸೇತುಮಾಧವಾಚಾರ್ಯರು. "ಗೊತ್ತಿದ್ದೂ ಪಿತೃಗಳಿಗೆ ವಿಷ ಇಡೋ ಮನೆ ಜೊತೆ ನಾವು ಸಂಬಂಧ ಮಾಡೋದು ಹೇಗೆ? ಪಾತ್ರೆ ತಗೊಂಡು ಹೋದೋರು ಯಾರು?"

"ನಾನು," ಅಂದೆ.

"ಅವನು ಹೇಳಿದ್ದನ್ನ ನೀನು ಯಾರಿಗೆ ಹೇಳ್ದೆ ಮಗು?"

ಬಾಗಿಲ ಸಂದಿಯಲ್ಲಿ ಅಮ್ಮನ ಕಣ್ಣು ಕಂಡಿತು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಭಯ ಇತ್ತು. ಅಮ್ಮ ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಮ್ಮನ ಹೆಸರು ಬಂದರೆ ನನ್ನ ಮದುವೆ ಮುರಿಯುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಕೋಲಾರದ ಮೇಷ್ಟರನ್ನು ನಾನು ಒಂದೇ ಒಂದು ಸಲ ನೋಡಿದ್ದೆ, ನೋಡಿ ಮೆಚ್ಚಿದ್ದೆ. ಅತ್ತಿಗೆಯ ಹೆಸರು ಬಂದರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು. ಗೊತ್ತಿರಲಿಲ್ಲ, ಚಿಕ್ಕ ಹುಡುಗಿಯಾಗಿದ್ದೆ ಅಂತ ಹೇಳಿ ಪಾರಾಗುವ ಆಸೆ ನನಗಿಲ್ಲ.

"ಅತ್ತಿಗೇಗೆ ಹೇಳ್ದೆ," ಅಂದೆ.

ಸುಳ್ಳಲ್ಲ. ನೀವೇ ಹೇಳಿ, ಸುಳ್ಳಾ? ಅಮ್ಮನಿಗೂ ಹೇಳಿದೆ ಅನ್ನುವ ಇನ್ನೊಂದು ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿದೆ.

ಅತ್ತಿಗೆ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಅಷ್ಟು ಜನ ಗಂಡಸರ ಮುಂದೆ ಅವಳು ಬಾಯಿಬಿಟ್ಟದ್ದು ಅದೇ ಮೊದಲು. "ತುಂಗಾ, ಇನ್ನೊಂದು ಸಲ ಹೇಳು. ಯಾರಿಗೆ ಹೇಳ್ದೆ?"

"ನಿಮಗೇ ಹೇಳ್ದೆ."

ಅವಳು ನನ್ನನ್ನೇ ನೋಡಿದಳು. ಅಳಲಿಲ್ಲ. ಒಳಗೆ ಹೋಗಿ ರಾತ್ರಿಯ ಅಡುಗೆಗೆ ಅಕ್ಕಿ ಆರಿಸಲು ಕೂತಳು.

"ಹಾಗಾದ್ರೆ ಗುಂಡಮ್ಮನೋರ ತಪ್ಪೇನೂ ಇಲ್ಲ," ಅಂದರು ಸೇತುಮಾಧವಾಚಾರ್ಯರು. ಹಿರಿಯರಿಬ್ಬರೂ ತಲೆಯಾಡಿಸಿದರು. ಅಣ್ಣ ಇಡೀ ತಾಲ್ಲೂಕಿನವರಿಗೆ ಅರ್ಜಿ ಬರೆದುಕೊಡುತ್ತಿದ್ದವನು, ಹೆಂಡತಿಯ ಪರವಾಗಿ ಒಂದು ಸಾಲು ಆಡಲಿಲ್ಲ. ಬೆಳಗ್ಗೆ ಮರಿಗೆಯಿಂದ ಸುರಿದದ್ದು ಅವನಿಗೆ ಗೊತ್ತಿರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಕೇಳಬಹುದಿತ್ತಲ್ಲ, ನಾಲಿಗೆಗೇನಾಗಿತ್ತು?

ಮಾರನೆಯ ದಿನ ಅತ್ತಿಗೆಯನ್ನು ಶ್ರೀನಿವಾಸಪುರದ ಬಸ್ಸು ಹತ್ತಿಸಿದರು. ಯುದ್ಧದ ಕಾಲ, ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು, ಒಂದು ಗಂಟೆ ಹೊಗೆ ಬಿಟ್ಟು ಆಮೇಲೆ ಹೊರಟಿತು. "ಒಂದು ತಿಂಗಳು ಇದ್ದು ಬಾ" ಅಂದಿದ್ದಳು ಅಮ್ಮ. ತಿಂಗಳು ಕಳೆದು ಅವಳ ತಂದೆ ಕಾಗದ ಬರೆದರು. ಆಮೇಲೆ ತಾವೇ ಬಂದರು. ಅಮ್ಮ ಅವರಿಗೆ ಜಗಲಿಯಲ್ಲೇ ಮಜ್ಜಿಗೆ ಕೊಟ್ಟು ಕಳಿಸಿದಳು.

ಮಾಘದಲ್ಲಿ ನನ್ನ ಮದುವೆಯಾಯಿತು, ಫಾಲ್ಗುಣದಲ್ಲಿ ಅಣ್ಣನ ಎರಡನೇ ಮದುವೆ. ನನ್ನನ್ನು ಕಳಿಸಿಕೊಡುವ ದಿನ ಅಮ್ಮ ಬಳುವಳಿಯ ಪಾತ್ರೆಗಳ ನಡುವೆ ಈ ಕೊಳದಪ್ಪಲೆಯನ್ನೂ ಇಟ್ಟಳು. ಜೀವದ ಹಾಗಿದ್ದ ಪಾತ್ರೆಯನ್ನು ಯಾಕೆ ಕೊಡುತ್ತಿದ್ದೀಯಾ ಅಂತ ನಾನು ಕೇಳಲಿಲ್ಲ. ಅವಳೇ ನನ್ನ ಕಿವಿಯ ಹತ್ತಿರ ಬಗ್ಗಿ, "ಅವತ್ತು ಮನೆ ಮಾನ ಉಳಿಸ್ದೆ ಕಣೇ" ಅಂದಳು. ನನಗೆ ಮೈಯೆಲ್ಲ ಉರಿಯಿತು. ಆದರೂ ಪಾತ್ರೆ ಬೇಡ ಅನ್ನಲಿಲ್ಲ.

ಸೇತುಮಾಧವಾಚಾರ್ಯರು, ಈಗ ನನ್ನ ಮಾವನವರು, ಅದನ್ನು ನೋಡಿ ಗುರುತು ಹಿಡಿದರು. ಆಗ ಹಿತ್ತಾಳೆ ಸಾಮಾನು ಊರಿನಲ್ಲೆಲ್ಲೂ ಸಿಗುತ್ತಿರಲಿಲ್ಲ. "ಪಾತ್ರೆಯದೇನು ತಪ್ಪು?" ಅಂದರು. ಪಾತ್ರೆಯನ್ನು ಕ್ಷಮಿಸಲು ಅವರಿಗೆ ಒಂದು ನಿಮಿಷ ಸಾಕಾಯಿತು. ಯುದ್ಧ ಮುಗಿದು ತವರ ಸಿಕ್ಕಿದೊಡನೆ ಕಲಾಯಿ ಮಾಡಿಸಿದೆ. ಅಂದಿನಿಂದ ಆರು ತಿಂಗಳಿಗೊಮ್ಮೆ ತಪ್ಪಿಸಿಲ್ಲ. ನನಗೀಗ ಎರಡು ಮಕ್ಕಳು. ಅವರ ಬಾಣಂತನದ ಅನ್ನ ಬೆಂದದ್ದೂ ಅದರಲ್ಲೇ.

ಹೋದ ವಾರ ಮಾವನವರ ಕಡೆಯವರ ಮನೆಯಲ್ಲಿ ಮುಂಜಿ ಅಂತ ಎಲ್ಲರೂ ಶ್ರೀನಿವಾಸಪುರಕ್ಕೆ ಹೋದೆವು. ನೀರು ಕೇಳಲು ಹಿತ್ತಲ ಅಡುಗೆ ಚಪ್ಪರಕ್ಕೆ ಹೋದೆ. ಮಾವಿನಕಾಯಿಯ ರಾಶಿಯ ಮುಂದೆ ಈಳಿಗೆಮಣೆಯ ಮೇಲೆ ಅತ್ತಿಗೆ ಕೂತಿದ್ದಳು. ಆರು ವರ್ಷಕ್ಕೆ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ ಹಾಗೇ ಇದ್ದವು.

"ತುಂಗಾ ಅಲ್ವಾ? ದಪ್ಪಗಾಗಿದೀಯ," ಅಂದಳು. "ಅತ್ತೆ ಚೆನ್ನಾಗಿದಾರಾ?"

ಅವಳಿಗೆ ಇನ್ನೂ ನನ್ನ ಅಮ್ಮ ಅತ್ತೆ. ನನ್ನ ಅಣ್ಣನ ವಿಷಯ ಕೇಳಲಿಲ್ಲ. ಅವಳ ತಂದೆ ತೀರಿಕೊಂಡಿದ್ದರು, ತೋಪು ಅಣ್ಣತಮ್ಮಂದಿರ ಪಾಲಾಗಿತ್ತು. ತನ್ನ ಅಣ್ಣನೊಬ್ಬನ ಮನೆಯಲ್ಲಿದ್ದಳು. ಕೇಳಿದವರ ಮನೆಗೆ ಅಡುಗೆಗೆ ಹೋಗುತ್ತಿದ್ದಳು. ಇದನ್ನೆಲ್ಲ ಅವಳು ಮಾವಿನಕಾಯಿ ಹೆಚ್ಚುತ್ತಲೇ ಹೇಳಿದಳು.

"ಆ ಕೊಳದಪ್ಪಲೆ ನನ್ನ ಹತ್ರಾನೇ ಇದೆ ಅತ್ತಿಗೆ," ಅಂದೆ. ಯಾಕೆ ಅಂದೆನೋ.

"ಕಲಾಯಿ ಮಾಡಿಸ್ತಿದೀಯಾ?"

"ಆರು ತಿಂಗಳಿಗೊಂದ್ಸಲ."

"ಒಳ್ಳೇದು."

ಅವಳ ಎದುರು ನೆಲದ ಮೇಲೆ ಕೂತುಬಿಟ್ಟೆ. "ಅವತ್ತು ನಾನು ಇಬ್ರಿಗೂ ಹೇಳಿದ್ದೆ ಅತ್ತಿಗೆ."

"ನಂಗೆ ಗೊತ್ತಿಲ್ವಾ? ನಾನೂ ಅಲ್ಲೇ ಇದ್ನಲ್ಲ."

"ನೀವೇ ಯಾಕೆ ಹೇಳ್ಲಿಲ್ಲ?"

ಅವಳ ಕೈ ಈಳಿಗೆಯ ಮೇಲೆ ನಿಂತಿತು. "ನಾನು ಹೇಳಿದ್ರೆ ಯಾರು ನಂಬ್ತಿದ್ರು? ಅದಕ್ಕೇ ನಿನ್ನನ್ನ ಎರಡನೇ ಸಲ ಕೇಳಿದ್ದು."

ನನಗೆ ಅಳು ಬಂತು. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. "ಆ ಪಾತ್ರೆ ನಿಮಗೆ ಸೇರಬೇಕು. ಕಳಿಸಿಕೊಡ್ತೀನಿ," ಅಂದೆ.

"ನಾನು ತಗೊಂಡು ಎಲ್ಲಿಡ್ಲಿ ತುಂಗಾ?" ಅಂದಳು. "ನಂಗೆ ಸ್ವಂತ ಒಲೆ ಎಲ್ಲಿದೆ?"

ಅವಳು ಬೇಡ ಅಂದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಪಾತ್ರೆ ಉಳಿಯಿತಲ್ಲ ಅಂತ. ಇಷ್ಟು ಹೇಳಿದ ಮೇಲೆ ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಗಂಡಸರ ಪಂಕ್ತಿಗೆ ಗೊಜ್ಜು ಬಡಿಸಿಕೊಂಡು ಬಂದವಳು ಅವಳೇ. ಮಾವನವರು ತಲೆಯೆತ್ತಿ ನೋಡಿದರು, ಗುರುತು ಹತ್ತಲಿಲ್ಲ. "ಗೊಜ್ಜು ಬಹಳ ಚೆನ್ನಾಗಿದೆ, ಇನ್ನೊಂದು ಸೌಟು ಹಾಕಮ್ಮ," ಅಂದರು. ಅವಳು ಹಾಕಿದಳು. ಬಾಗಿಲಲ್ಲಿ ನಿಂತಿದ್ದ ನಾನು, ಮಾವ, ಇವಳೇ ಅಂಬಾಬಾಯಿ, ಇವಳ ತಪ್ಪು ಏನೂ ಇರಲಿಲ್ಲ, ಅಂತ ಹೇಳಬಹುದಿತ್ತು. ಅಷ್ಟು ಜನರ ನಡುವೆ ಹೇಗೆ ಹೇಳುವುದು ಅಂತ ಸುಮ್ಮನಾದೆ. ಆರು ವರ್ಷದ ಹಿಂದೆ ನಾಲ್ಕು ಜನ ಗಂಡಸರ ನಡುವೆ ಅವಳ ಹೆಸರು ಹೇಳಲು ಬಾಯಿ ಬಂದಿತ್ತು.

ಆಮೇಲೆ ಹೆಂಗಸರ ಪಂಕ್ತಿ ಕೂತಿತು. ಅವಳು ನನ್ನ ಎಲೆಯ ಮುಂದೆ ಬಗ್ಗಿದಳು. ನಾನು ಬೇಡ ಅನ್ನಲು ಕೈ ಅಡ್ಡ ಹಿಡಿದೆ.

"ಹೆದರ್ಬೇಡ, ತಿನ್ನು," ಅಂದಳು ಮೆಲ್ಲಗೆ. "ಕಲ್ಲಿನ ಮರಿಗೇಲಿ ಮಾಡಿದ್ದು."

ಕೈ ತೆಗೆದೆ. ಅವಳು ಬಡಿಸಿ ಮುಂದಿನ ಎಲೆಗೆ ಹೋದಳು. ಒಂದು ಹನಿಯೂ ಬಿಡದೆ ತಿಂದೆ. ನನಗೆ ಏನೂ ಆಗಲಿಲ್ಲ.